ಅಂಗಡಿಯಿಲ್ಲದ ಅಂಗಡಿಯಲ್ಲಿ ಮಂಚ ಕೊಳ್ಳುವಾಗ

(ನೌಪಾಡಾದಲ್ಲಿ ನಡೆದ ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೆಚ್ಚು ಓದಿದವರಲ್ಲ. ಮಿಡ್ಲ್ ಸ್ಕೂಲು ಮುಗಿಸಿ ರೈಲು ಹತ್ತಿ ಬಂದವರು. ಹೋಟೆಲಿನ ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿ ಅದರ ಮೇಲೆಯೇ ಮಲಗಿದವರು. ಅಂಥವರು ಇಂದು ಮಂಚ, ಕಪಾಟುಗಳ ವಿಷಯ ಮಾತಾಡಲು ನಿಂತಿದ್ದೇವೆ. ನಗಬೇಡಿ, ಇದರಲ್ಲಿ ನಮ್ಮ ಒಂದು ತಿಂಗಳ ಸಂಬಳ ಸೇರಿದೆ.

ಹಿಂದೆ ಚೆಂದದ ಮಂಚವೆಂದರೆ ಸೇಟುಗಳ ಮನೆಯದು. ಈಗ ಕಂಪೆನಿಯವರೇ ಮೊಬೈಲಿನ ಮೂಲಕ ನೇರವಾಗಿ ನಮಗೆ ಮಾರುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೇ 2012ರಲ್ಲಿ ಅರ್ಬನ್ ಲ್ಯಾಡರ್, 2016ರಲ್ಲಿ ವೇಕ್‌ಫಿಟ್ ಹುಟ್ಟಿದವು. ವೇಕ್‌ಫಿಟ್ ಮೊದಲು ಹಾಸಿಗೆ ಮಾರಿ, ಆಮೇಲೆ ಮಂಚ, ಸೋಫಾಗಳಿಗೆ ಕೈ ಹಾಕಿತು. ಸ್ವೀಡನ್ನಿನ ಐಕಿಯಾ 2019ರಲ್ಲಿ ಮುಂಬಯಿಯವರಿಗೆ ಆನ್‌ಲೈನ್ ಮಾರಾಟ ಆರಂಭಿಸಿ, 2020ರ ಡಿಸೆಂಬರಿನಲ್ಲಿ ನವಿಮುಂಬಯಿಯ ತುರ್ಭೆಯಲ್ಲಿ ಅಂಗಡಿಯನ್ನೂ ತೆರೆಯಿತು.

ಬೆಲೆ ಇಳಿಯುವುದು ಹೇಗೆ? ಒಂದು, ನಡುವಿನ ವ್ಯಾಪಾರಿಯ ಲಾಭ ಉಳಿಯುತ್ತದೆ. ಎರಡು, ಬಿಚ್ಚಿ ಕಳಿಸುವ ಉಪಾಯ. 1956ರ ಸುಮಾರಿಗೆ ಐಕಿಯಾದವರು ಮೇಜಿನ ಕಾಲು ಬಿಚ್ಚಿ, ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದರು. ಲಾರಿಯಲ್ಲಿ ಹೆಚ್ಚು ಮಾಲು ಹಿಡಿಯಿತು. ಚಾಳಿನ ಇಕ್ಕಟ್ಟು ಮೆಟ್ಟಿಲಿಗೂ ಅದೇ ಅನುಕೂಲ. ಮೂರು, ಅಗ್ಗದ ಮಾಲಿನಲ್ಲಿ ಅನೇಕ ವೇಳೆ ಗಟ್ಟಿ ಮರವಿರುವುದಿಲ್ಲ. ಮರದ ಹೊಟ್ಟನ್ನು ಅಂಟಿನಿಂದ ಒತ್ತಿದ ಹಲಗೆಯಿರುತ್ತದೆ. ನೀರು ಕುಡಿದರೆ ಅದು ಉಬ್ಬುತ್ತದೆ. ಠಾಣೆಯ ಮಳೆ, ನಮ್ಮ ಖೋಲಿಯ ಮೋರಿ ನೆನಪಿರಲಿ.

ಆದರೆ ಬಂಧುಗಳೇ, ನಡುವಿನವನು ಹೋದಾಗ, ಎದುರು ನಿಂತು ಕೇಳಬಹುದಾದ ಮನುಷ್ಯನೂ ಹೋದ. ನಮ್ಮ ಒಬ್ಬ ಸಪ್ಲಾಯರ್ ತಮ್ಮ ಮದುವೆಯಾಗಿ ಮಂಚ ತರಿಸಿದ. ಪೆಟ್ಟಿಗೆ ಬಿಚ್ಚಿದರೆ ಒಂದು ಹಲಗೆ ಸೀಳಿತ್ತು. ಕಂಪೆನಿಗೆ ಫೋನು ಮಾಡಿದರೆ, "ಮಾಲು ಪಡೆದು ಸಹಿ ಹಾಕಿದ್ದೀರಿ" ಎಂದರು. "ಹೋಗಲಿ ಅಣ್ಣ, ನಮ್ಮ ಹಣೆಬರಹ" ಎಂದ ತಮ್ಮ. ನಾವು ಬಿಡಲಿಲ್ಲ. ಪೆಟ್ಟಿಗೆ ಬಿಚ್ಚುವಾಗ ತೆಗೆದ ಫೋಟೋ ಇತ್ತು, ಬಿಲ್ಲು ಇತ್ತು. ಅವನನ್ನು ಕೂಡಿಸಿ 1915ಕ್ಕೆ ಫೋನು ಮಾಡಿಸಿದೆವು. ಅದು ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿಯೂ ದೂರು ಹೇಳಬಹುದು. ಹೊಸ ಹಲಗೆ ಬಂತು.

ಇದು ಯಾರ ಉಪಕಾರವೂ ಅಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕೆಟ್ಟ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಮಾರುವವನು ಹೇಳುವಂತಿಲ್ಲ. ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗಲೂ ಕೇಳದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆಯಂತೆ ನಾವು ವಾಸಿಸುವ ಊರಿನಲ್ಲಿಯೇ ದಾವೆ ಹೂಡಬಹುದು. ಐದು ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕವಿಲ್ಲ.

ಆದುದರಿಂದ, ಕೊಳ್ಳುವ ಮೊದಲು ಖೋಲಿಯನ್ನೂ ಬಾಗಿಲನ್ನೂ ಅಳೆಯಿರಿ. ಯಾವ ಮರವೆಂದು ಓದಿ, ಓದಲು ಬಾರದಿದ್ದರೆ ಸಂಘಕ್ಕೆ ಬನ್ನಿ. ಕಂತಿನಲ್ಲಿ ಕೊಳ್ಳುವುದಾದರೆ ಬಡ್ಡಿ ಕೂಡಿಸಿ ಒಟ್ಟು ಎಷ್ಟೆಂದು ನೋಡಿ. ರಜೆಯ ದಿನ ಠಾಣೆಯಿಂದ ಲೋಕಲ್ ಹತ್ತಿ ತುರ್ಭೆಗೆ ಹೋಗಿ, ಮುಟ್ಟಿ ನೋಡಿ ಬನ್ನಿ. ನೋಡಲು ಯಾರೂ ಕಾಸು ಕೇಳುವುದಿಲ್ಲ.

ಮೇಜಿನ ಮೇಲೆ ಮಲಗಿದ ಬೆನ್ನಿಗೆ ಒಳ್ಳೆಯ ಮಂಚ ಬೇಡವೆನ್ನುವವರು ನಾವಲ್ಲ. ಬೆವರಿನ ಹಣಕ್ಕೆ ಸರಿಯಾದ ಮಾಲು ಸಿಗಲಿ, ಸಿಗದಿದ್ದಲ್ಲಿ ಒಬ್ಬನೇ ಸುಮ್ಮನಾಗದಿರಲಿ ಎಂದಷ್ಟೇ ನಮ್ಮ ಮಾತು.