ಒಂದೇ ಈಡಿನ ಬಂದೂಕು

ವಿರೂಪಾಪುರಗಡ್ಡೆ ತುಂಗಭದ್ರೆಯ ಕವಲುಗಳ ನಡುವೆ ಮಲಗಿರುವ ಒಂದು ನಡುಗಡ್ಡೆ. ಹೊಳೆಯ ಆಚೆಗೆ ಹಂಪೆಯ ವಿರೂಪಾಕ್ಷನ ಗೋಪುರ. ಈಚೆಗೆ ಆನೆಗೊಂದಿ, ಅಂಜನಾದ್ರಿ, ಸಾಣಾಪುರದ ಬಂಡೆಗಳ ಸಾಲು. ಈ ನೆಲವನ್ನೇ ಕಿಷ್ಕಿಂಧೆಯೆಂದು ಜನ ತಲೆತಲಾಂತರದಿಂದ ನಂಬಿ ಬಂದಿದ್ದಾರೆ. ರಾಮನ ಶಕ್ತಿಯಲ್ಲಿ ಸುಗ್ರೀವನಿಗೆ ನಂಬಿಕೆ ಹುಟ್ಟಿದ್ದು ಒಂದೇ ಬಾಣ ಏಳು ಸಾಲವೃಕ್ಷಗಳನ್ನು ಭೇದಿಸಿ ಹೋದಾಗ. ವಾಲಿಯನ್ನು ಕೆಡವಿದ್ದೂ ಒಂದೇ ಬಾಣ. ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಕೇಳುತ್ತಾನೆ. ವಾಲ್ಮೀಕಿಯ ರಾಮ ಕೊಡುವ ಉತ್ತರಗಳಲ್ಲಿ ಒಂದು ಬೇಟೆಗಾರನ ಉತ್ತರ: ಮನುಷ್ಯರು ಮೃಗಗಳನ್ನು ಬಲೆ ಒಡ್ಡಿಯೂ ಮರೆಯಲ್ಲಿ ನಿಂತೂ ಕೊಲ್ಲುತ್ತಾರೆ, ಅದರಲ್ಲಿ ದೋಷವಿಲ್ಲ, ನೀನು ಶಾಖಾಮೃಗ. ಆ ಉತ್ತರ ಸಾಕೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಒಂದೇ ಬಾಣದ ಹಿರಿಮೆಯನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ. ಒಂದೇ ಮಾತು, ಒಂದೇ ಬಾಣ ಎಂಬುದು ನಮ್ಮಲ್ಲಿ ಹೊಗಳಿಕೆಯ ನುಡಿಯಾಗಿಯೇ ಉಳಿದಿದೆ.

ಈ ಹೊಗಳಿಕೆಯನ್ನು ಬಂದೂಕಿನ ಕಾಲಕ್ಕೆ ತಂದು ನೋಡಬೇಕೆಂಬುದು ಇಂದಿನ ನನ್ನ ಉದ್ದೇಶ. ನಾನು ಬೇಟೆಗಾರನಲ್ಲ. ಬೇಟೆಯ ಮಾತುಗಳನ್ನು ಕೇಳುತ್ತ, ಬೇಟೆಯ ಪುಸ್ತಕಗಳನ್ನು ಓದುತ್ತ ಬೆಳೆದವನು. ಹುಲಿ, ಕಾಟಿ, ಆನೆಗಳಂಥ ದೊಡ್ಡ ಮೃಗದ ಎದುರು ಒಂದೇ ಈಡಿನ ಬಂದೂಕು ಹಿಡಿದು ಹೋಗುವುದೇ ನಿಜವಾದ ಬೇಟೆಗಾರಿಕೆ ಎಂಬ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ಅಲಂಕಾರವಿದೆ ಎಂಬುದನ್ನು ತೂಗಿ ನೋಡೋಣ.

ಹಂಪೆಯ ಮಹಾನವಮಿ ದಿಬ್ಬದ ಕಲ್ಲುಪಟ್ಟಿಗಳಲ್ಲಿ ಬೇಟೆಯ ದೃಶ್ಯಗಳು ಹಲವಿವೆ. ಅವು ಈಟಿ ಬಿಲ್ಲುಗಳ ಲೋಕದವು. ಆದರೆ ಬಂದೂಕು ಅಷ್ಟರಲ್ಲಿ ಬಾಗಿಲಿಗೆ ಬಂದಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ, ಅವನ ಪಕ್ಷದಲ್ಲಿದ್ದ ಪೋರ್ಚುಗೀಸರು ಕೋಟೆಗೋಡೆಯ ಮೇಲಿನವರನ್ನು ಬತ್ತಿಯ ಬಂದೂಕುಗಳಿಂದ ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದರೆಂದು ನೂನಿಜ್ ಬರೆದಿದ್ದಾನೆ. ಆ ಬಂದೂಕಿನಲ್ಲಿ ಒಂದು ಸಲಕ್ಕೆ ಒಂದೇ ಈಡು. ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಬಡಿದು, ಬತ್ತಿ ಮುಟ್ಟಿಸಬೇಕು. ಮುಂದಿನ ಮುನ್ನೂರು ವರ್ಷಗಳಲ್ಲಿ ಕಿಡಿ ಹೊತ್ತಿಸುವ ರೀತಿ ಬದಲಾಯಿತು. ಬತ್ತಿ ಹೋಗಿ ಚಕಮಕಿ ಕಲ್ಲು ಬಂತು, ಕಲ್ಲು ಹೋಗಿ ಕೇಪು ಬಂತು. ಒಂದು ನಳಿಗೆಗೆ ಒಂದು ಈಡು ಎಂಬ ನಿಯಮ ಮಾತ್ರ ಬದಲಾಗಲಿಲ್ಲ.

ನಮ್ಮ ನಾಡಿನ ಜನ ಈ ಬಂದೂಕನ್ನು ತಮ್ಮದಾಗಿ ಮಾಡಿಕೊಂಡರು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಒಪ್ಪಿಸುವುದಿಲ್ಲವೆಂದು ಎದ್ದು ನಿಂತು ಪ್ರಾಣ ತೆತ್ತರು. ಲಾವಣಿಗಳು ಅದನ್ನು ಇಂದಿಗೂ ಹಾಡುತ್ತಿವೆ. ಕೊಡಗಿನವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಆ ಜನರ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಬಯಲುಸೀಮೆಯಲ್ಲಾಗಲಿ ಮಲೆನಾಡಿನಲ್ಲಾಗಲಿ, ಹಂದಿಯಿಂದ ಬೆಳೆ ಕಾಯುವ ರೈತನ ಅಟ್ಟದ ಮೇಲಿದ್ದದ್ದು ಸಾಮಾನ್ಯವಾಗಿ ಒಂಟಿ ನಳಿಗೆಯ ಕೋವಿಯೇ. ಅವನಿಗೆ ಅದು ಆದರ್ಶವಾಗಿರಲಿಲ್ಲ. ಕೈಗೆಟುಕುವ ಬೆಲೆಯದು ಅದೊಂದೇ ಆಗಿತ್ತು.

ಒಂದೇ ಈಡು ಆದರ್ಶವಾದದ್ದು ಬೇರೆ ಬಗೆಯ ಬಂದೂಕುಗಳು ಬಂದ ಮೇಲೆ. 1860ರ ದಶಕದಲ್ಲಿ ಹಿಂಬದಿಯಿಂದ ತೋಟಾ ತುಂಬುವ ರೈಫಲುಗಳು ಹರಡಿದವು. 1871ರಲ್ಲಿ ಬ್ರಿಟಿಷ್ ಸೈನ್ಯ ಮಾರ್ಟಿನಿ ಹೆನ್ರಿ ರೈಫಲನ್ನು ಸ್ವೀಕರಿಸಿತು. 1872ರಲ್ಲಿ ಸ್ಕಾಟ್ಲೆಂಡಿನ ಜಾನ್ ಫಾರ್ಕರ್ಸನ್ ತನ್ನ ಹೆಸರಿನ ರೈಫಲಿಗೆ ಹಕ್ಕುಪತ್ರ ಪಡೆದ. ಕೆಳಗಿನ ಸನ್ನೆಯನ್ನು ಎಳೆದರೆ ಉಕ್ಕಿನ ದಿಂಡು ಇಳಿದು ನಳಿಗೆಯ ಹಿಂಬಾಗಿಲು ತೆರೆಯುತ್ತದೆ. ತೋಟಾ ಇಟ್ಟು ಸನ್ನೆಯನ್ನು ಮೇಲೆತ್ತಿದರೆ ಮುಚ್ಚುತ್ತದೆ. ಭಾಗಗಳು ಕಡಿಮೆ, ಬಲ ಹೆಚ್ಚು. ತೋಟಾಗಳ ಪೆಟ್ಟಿಗೆಯಿಲ್ಲ, ಹಿಂದೆ ಮುಂದೆ ಜಾರುವ ಉದ್ದನೆಯ ಬೋಲ್ಟಿಲ್ಲ. ಆದ್ದರಿಂದ ನಳಿಗೆಯ ಉದ್ದ ಅಷ್ಟೇ ಇದ್ದರೂ ಒಟ್ಟು ಬಂದೂಕು ಕಿರಿದಾಗಿ ಪೊದೆಯ ನಡುವೆ ಸುಲಭವಾಗಿ ತಿರುಗುತ್ತದೆ. ಜೋಡು ನಳಿಗೆಯ ರೈಫಲಿನಲ್ಲಿ ಎರಡು ನಳಿಗೆಗಳ ಗುಂಡುಗಳೂ ಒಂದೇ ಕಡೆ ಬೀಳುವಂತೆ ಕೂಡಿಸುವುದು ನುರಿತ ಕುಶಲಿಯ ಬಹು ದಿನಗಳ ಕೆಲಸ. ಬೆಲೆಯೂ ಅದಕ್ಕೆ ತಕ್ಕಂತೆ. ಒಂಟಿ ನಳಿಗೆಗೆ ಆ ತೊಡಕಿಲ್ಲ.

ಇವು ಯಂತ್ರದ ಗುಣಗಳು. ಇದಕ್ಕಿಂತ ದೊಡ್ಡ ಆಕರ್ಷಣೆ ಮನಸ್ಸಿನದು. ಇನ್ನೊಂದು ಈಡಿಲ್ಲವೆಂದು ತಿಳಿದವನು ಆತುರ ಪಡುವುದಿಲ್ಲ. ಗಾಳಿ ನೋಡುತ್ತಾನೆ, ಹತ್ತಿರ ಸಾರುತ್ತಾನೆ, ಮೃಗ ಪಕ್ಕೆ ತಿರುಗುವವರೆಗೆ ಕಾಯುತ್ತಾನೆ, ಅನುಮಾನವಿದ್ದರೆ ಕೋವಿ ಇಳಿಸಿ ಹಿಂದಿರುಗುತ್ತಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅವನ ಬೆರಳು ಬಲ್ಲದು. ಜಿಮ್ ಕಾರ್ಬೆಟ್ ಬಾಲಕನಾಗಿದ್ದಾಗ ತನ್ನ ಮೊದಲ ಚಿರತೆಯನ್ನು ಹೊಡೆದದ್ದು ಎರವಲು ಪಡೆದ ಮಾರ್ಟಿನಿ ರೈಫಲಿನಿಂದ. ಮುಂದೆ ಅವನಲ್ಲಿ ಕಾಣುವ ತಾಳ್ಮೆಗೆ ಆ ಮೊದಲ ಪಾಠವೂ ಕಾರಣವಾಗಿರಬಹುದೆಂದು ನನ್ನ ಊಹೆ.

ಹಾಗಾದರೆ ದೋಷವೇನು? ಇದಕ್ಕೆ ನಮ್ಮ ನಾಡಿನ ಕಾಡಿನಿಂದಲೇ ಸಾಕ್ಷಿ ಹೇಳಬಲ್ಲವನು ಜಿ. ಪಿ. ಸ್ಯಾಂಡರ್ಸನ್. ಮೈಸೂರು ಸಂಸ್ಥಾನದ ನೀರಾವರಿ ಇಲಾಖೆಯಲ್ಲಿದ್ದು, ಚಾಮರಾಜನಗರದ ಸುತ್ತಿನ ಕಾಡುಗಳನ್ನು ಅಳೆದು, 1870ರ ದಶಕದಲ್ಲಿ ಅಲ್ಲಿ ಖೆಡ್ಡಾ ನಡೆಸಿ ಆನೆಗಳ ಹಿಂಡನ್ನು ಹಿಡಿದವನು. ತನ್ನ ಹದಿಮೂರು ವರ್ಷಗಳ ಅನುಭವವನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದವನು. ಹನ್ನೆರಡನೆಯ ನಂಬರಿನ ರೈಫಲು ದೊಡ್ಡ ಮೃಗಗಳಿಗೆ ಸಾಲದೆಂದು ಕಂಡು, ಅವನು ಲಂಡನ್ನಿನಲ್ಲಿ ನಾಲ್ಕನೆಯ ನಂಬರಿನ ಒಂಟಿ ನಳಿಗೆಯ ರೈಫಲನ್ನು ಹೇಳಿ ಮಾಡಿಸಿದ. ನಾಲ್ಕನೆಯ ನಂಬರೆಂದರೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು. ಗುಂಡೊಂದಕ್ಕೆ ಸುಮಾರು 113 ಗ್ರಾಂ ತೂಕ. ಬಂದೂಕಿನ ತೂಕ ಹದಿನಾರೂವರೆ ಪೌಂಡು, ಅಂದರೆ ಏಳೂವರೆ ಕಿಲೋಗ್ರಾಂ. ಬಲದಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ಆದರೆ ಒಂದು ದಿನ ತೋಟಾ ಹೊತ್ತಿಕೊಳ್ಳಲಿಲ್ಲ. ಬೇಟೆಗಾರ ಕೂದಲೆಳೆಯಲ್ಲಿ ಉಳಿದುಕೊಂಡ. ಆಮೇಲೆ ಅವನು ಆ ಬಂದೂಕನ್ನು ಬಿಟ್ಟೇಬಿಟ್ಟ. ಗ್ರೀನರ್ ಎಂಬ ತಯಾರಕನಿಂದ ಹತ್ತೊಂಬತ್ತೂವರೆ ಪೌಂಡು ತೂಗುವ ಬೇರೊಂದು ಕೋವಿಯನ್ನು ಮಾಡಿಸಿಕೊಂಡು, ಅದನ್ನೇ ನೆಚ್ಚಿದ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸ್ಯಾಂಡರ್ಸನ್ನನ ಗುರಿ ತಪ್ಪಲಿಲ್ಲ, ತಾಳ್ಮೆ ಕೆಡಲಿಲ್ಲ. ತಪ್ಪಿದ್ದು ತೋಟಾ. ಒಂದೇ ಈಡಿನ ಆದರ್ಶ ಬೇಟೆಗಾರನ ಸಂಯಮವನ್ನು ನಂಬಿ ನಿಂತಿದೆ. ಆದರೆ ಫಲಿತಾಂಶ ಅವನೊಬ್ಬನ ಕೈಯಲ್ಲಿಲ್ಲ. ಮಾರ್ಟಿನಿಯ ತೆಳು ಹಿತ್ತಾಳೆಯ ತೋಟಾ ಬಿಸಿಯೇರಿದ ನಳಿಗೆಯಲ್ಲಿ ಸಿಕ್ಕಿಕೊಂಡು ಹೊರಬರದೆ ಸತಾಯಿಸುತ್ತಿತ್ತೆಂದು 1885ರ ಸೂಡಾನಿನ ಯುದ್ಧದ ಸೈನಿಕರು ದೂರಿದರು. ಕರಿಮದ್ದಿನ ಕಾಲದಲ್ಲಿ ಈಡು ಹಾರಿದೊಡನೆ ಎದುರಿಗೆ ಹೊಗೆಯ ತೆರೆ. ಮೃಗ ಬಿತ್ತೋ, ಓಡಿತೋ, ಮೈಮೇಲೆ ಬರುತ್ತಿದೆಯೋ ಎಂಬುದು ಹೊಗೆ ಸರಿಯುವವರೆಗೆ ತಿಳಿಯದು.

ಈಗ ಸ್ವಲ್ಪ ಲೆಕ್ಕ ಹಾಕೋಣ. ವಿರೂಪಾಪುರಗಡ್ಡೆಯ ಸುತ್ತಲಿನ ನೆಲ ನಿಮಗೆ ಗೊತ್ತಿರಬಹುದು. ಬಂಡೆಯ ಮೇಲೆ ಬಂಡೆ, ನಡುವೆ ಗವಿ, ಗವಿಯ ಬಾಯಿಗೆ ಮುಳ್ಳುಪೊದೆ. ಹೊಳೆಯ ಆಚೆಗೆ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವೇ ಸ್ಥಾಪನೆಯಾಯಿತು. ಈಚೆಯ ಗುಡ್ಡಗಳಲ್ಲೂ ಕರಡಿ ಚಿರತೆಗಳಿವೆ. ಇಂಥ ಕಡೆ ಮೃಗ ಕಾಣಿಸಿಕೊಳ್ಳುವುದು ಇಪ್ಪತ್ತು ಮೀಟರು ದೂರದಲ್ಲಿ. ಕೆರಳಿದ ಮೃಗ ಆ ದೂರವನ್ನು ಎರಡು ಸೆಕೆಂಡುಗಳಲ್ಲಿ ದಾಟಬಲ್ಲದು. ಹಿಂಬದಿಯಿಂದ ತುಂಬುವ ಒಂಟಿ ಈಡಿನ ರೈಫಲಿಗೆ ಇನ್ನೊಂದು ತೋಟಾ ಹಾಕಲು ನುರಿತ ಕೈಗೂ ನಾಲ್ಕೈದು ಸೆಕೆಂಡು ಬೇಕು. ಕೇಪಿನ ಕೋವಿಗಾದರೆ ಅರ್ಧ ನಿಮಿಷ. ಜೋಡು ನಳಿಗೆಯವನಿಗೆ ಇನ್ನೊಂದು ಕುದುರೆಯನ್ನು ಮೀಟಿದರೆ ಸಾಕು. ಬಯಲಿನಲ್ಲಿ ಇನ್ನೂರು ಮೀಟರು ದೂರದ ಜಿಂಕೆಗೆ ಒಂದೇ ಈಡು ಸೊಗಸು. ಬಂಡೆಗಳ ಸಂದಿಯಲ್ಲಿ ಅದು ಜೂಜು.

ಜೂಜಾಡುವವನು ತನ್ನ ಪ್ರಾಣವನ್ನಷ್ಟೇ ಒಡ್ಡುವುದಾದರೆ ನಾವು ಆಕ್ಷೇಪಿಸುವ ಕಾರಣವಿಲ್ಲ. ನನ್ನ ಮುಖ್ಯವಾದ ಆಕ್ಷೇಪಣೆ ಇರುವುದು ಇಲ್ಲಿಯೇ. ಒಂದೇ ಈಡಿನವನು ಗುರಿ ಪೂರ್ತಿ ತಪ್ಪಿದರೆ ಅಂಥ ನಷ್ಟವೇನಿಲ್ಲ. ಅರ್ಧ ತಪ್ಪಿದರೆ ಗಾಯಗೊಂಡ ಮೃಗ ಪೊದೆ ಸೇರುತ್ತದೆ. ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಸತ್ತ ಮೇಲೆ ಬಾಯಿ ತೆರೆದು ನೋಡಿದರೆ ಬಲಗಡೆಯ ಮೇಲಿನ ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಹಳೆಯ ಗುಂಡಿನೇಟಿನ ಗುರುತು. ಆ ಏಟನ್ನು ಯಾರು, ಎಂಥ ಬಂದೂಕಿನಿಂದ ಹೊಡೆದರೋ ಯಾರೂ ಬಲ್ಲವರಿಲ್ಲ. ಅದರ ಬೆಲೆ ತೆತ್ತವರು ಮಾತ್ರ ಸೌದೆಗೆ, ಹುಲ್ಲಿಗೆ ಹೋದ ಹಳ್ಳಿಯ ಹೆಣ್ಣುಮಕ್ಕಳು. ಬೇಟೆಗಾರನ ಬಿರುದಿನ ಸಾಲವನ್ನು ತೀರಿಸಿದವರು ಬೇಟೆಯನ್ನೇ ಅರಿಯದವರು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಥೆಗಳನ್ನು ಓದಿದವರಿಗೂ ಈ ಮಾತು ಹೊಸದಲ್ಲ. ಆಂಡರ್ಸನ್ ಕೈಯಲ್ಲಿದ್ದದ್ದು ಒಂದರ ಹಿಂದೊಂದು ಈಡು ಹಾರಿಸಬಲ್ಲ .405 ವಿಂಚೆಸ್ಟರ್. ಮನುಷ್ಯರಿಗೆ ಕಂಟಕವಾದ ಮೃಗವನ್ನು ಅರಸಿ ಹೋದವನು ಶೋಭೆಯನ್ನು ನೋಡಲಿಲ್ಲ, ಖಾತ್ರಿಯನ್ನು ನೋಡಿದ.

ಇದರಿಂದ ಹಲವು ಈಡಿನ ಬಂದೂಕೇ ಧರ್ಮದ ಬಂದೂಕು ಎಂದು ತಿಳಿಯಬಾರದು. ಎರಡನೆಯ ಮಹಾಯುದ್ಧದ ನಂತರ ಜೀಪು, ದೀಪ ಮತ್ತು ತೋಟಾ ತುಂಬಿದ ರೈಫಲುಗಳ ಕೂಟ ನಮ್ಮ ಕಾಡುಗಳನ್ನು ಬರಿದುಮಾಡಿತು. ಇನ್ನೊಂದು ಈಡಿದೆ ಎಂಬ ಧೈರ್ಯ ಮೊದಲನೆಯದನ್ನು ಅಗ್ಗವಾಗಿಸಿತು. ಒಂದೇ ಈಡಿನ ಹೊಗಳಿಕೆಗಾರರು ಈ ಸೋಮಾರಿತನವನ್ನು ನಿಂದಿಸಿದ್ದು ನ್ಯಾಯವೇ. ಅವರು ಮರೆತದ್ದು ಒಂದೇ: ಸಂಯಮ ಇರಬೇಕಾದದ್ದು ಮನುಷ್ಯನಲ್ಲಿ. ಜೋಡು ನಳಿಗೆ ಹಿಡಿದೂ ಒಂದೇ ಈಡಿನಲ್ಲಿ ಮುಗಿಸುವವನು, ಎರಡನೆಯದನ್ನು ಮೃಗದ ನೋವಿಗಾಗಿ ಮೀಸಲಿಡುವವನು, ಹೆಚ್ಚಿನ ಬೇಟೆಗಾರ.

ಈ ವಾದವೆಲ್ಲ ಇಂದು ಚರಿತ್ರೆಗೆ ಸೇರಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ನಮ್ಮ ಬಂಡೀಪುರ ಮೊದಲ ಒಂಬತ್ತರಲ್ಲಿ ಒಂದಾಯಿತು. 1991ರ ತಿದ್ದುಪಡಿ ವಿನೋದದ ಬೇಟೆಯ ಉಳಿದ ಬಾಗಿಲನ್ನೂ ಮುಚ್ಚಿತು. 2015ರಲ್ಲಿ ತುಂಗಭದ್ರೆಯ ಈ ಹರಿವನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಗಡ್ಡೆಯ ವಿಹಾರಧಾಮಗಳೂ ನೆಲಸಮವಾದವು.

ಆದರೂ ಒಂದೇ ಈಡಿನ ಬಂದೂಕು ಕಾಡಿನಿಂದ ಪೂರ್ತಿ ಮರೆಯಾಗಿಲ್ಲ. ಊರಿಗೆ ನುಗ್ಗಿದ ಚಿರತೆಯನ್ನು ಹಿಡಿಯಲು ಬರುವ ಪಶುವೈದ್ಯರ ಕೈಯಲ್ಲಿರುವ ಅರಿವಳಿಕೆಯ ಬಂದೂಕು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಿರಿಂಜನ್ನು ಹಾರಿಸುವಂಥದು. ಉಲ್ಲಾಸ ಕಾರಂತರು 1990ರಿಂದ ನಾಗರಹೊಳೆಯ ಹುಲಿಗಳ ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಿದ್ದೂ ಮೊದಲು ಅರಿವಳಿಕೆ ಕೊಟ್ಟೇ. ಆ ವೈದ್ಯರೂ ಗಾಳಿ ನೋಡಬೇಕು, ಹತ್ತಿರ ಸಾರಬೇಕು, ಮೃಗ ಪಕ್ಕೆ ತಿರುಗುವವರೆಗೆ ಕಾಯಬೇಕು. ಮದ್ದು ಏರಲು ಹಿಡಿಯುವ ಕೆಲವು ನಿಮಿಷಗಳ ಅಪಾಯವನ್ನು ತಾವೇ ಹೊರಬೇಕು. ಸೇರಿದ ಜನರನ್ನು ದೂರವಿಡಬೇಕು. ಹಳೆಯ ಬೇಟೆಗಾರ ಹೊಗಳುತ್ತಿದ್ದ ಗುಣಗಳೆಲ್ಲ ಇಲ್ಲಿ ಬೇಕು. ಗುರಿ ತಪ್ಪಿದರೆ ಕೊಳೆಯುವ ಗಾಯ ಹೊತ್ತು ನರಭಕ್ಷಕವಾಗುವ ಮೃಗ ಮಾತ್ರ ಹಿಂದೆ ಉಳಿಯುವುದಿಲ್ಲ. ಒಂದೇ ಈಡಿನ ಹಿರಿಮೆಗೆ ತಕ್ಕ ಕೆಲಸ ಕೊನೆಗೂ ದೊರೆತಿದೆ ಎಂದು ನನಗೆ ತೋರುತ್ತದೆ.