ಬೆರಳು ಬಾಯಿಗೆ ಹೋಗುವ ಮುಂಚೆ



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತಾಯಂದಿರು ಮಗುವಿನ ಜ್ವರ, ಕೆಮ್ಮಿನ ವಿಚಾರವನ್ನೆಲ್ಲ ಹೇಳಿ ಮುಗಿಸಿ, ಎದ್ದು ಹೊರಟ ಮೇಲೆ ಬಾಗಿಲ ಹತ್ತಿರ ನಿಂತು ದನಿ ತಗ್ಗಿಸಿ ಕೇಳುವ ಒಂದು ಪ್ರಶ್ನೆ ಇದೆ. ಈ ಮಾಲಿಕೆಗೆ ಬರುವ ಪತ್ರಗಳಲ್ಲೂ ಮತ್ತೆ ಮತ್ತೆ ಬರುವುದು ಅದೇ. "ಮೂರು ಹೊತ್ತೂ ಬೆಳ್ಳ ಬಾಯ್ಗೆ ಮಡಿಕತದೆ ಡಾಕ್ಟ್ರೆ. ಮೂಗ್ಗೂ ಕೈ, ಹಿಂದಕ್ಕೂ ಕೈ. ನೆಂಟ್ರ ಮುಂದೆ ಮಾನ ಹೋಯ್ತದೆ. ಬೈದೂ ಆಯ್ತು, ಹೊಡ್ದೂ ಆಯ್ತು. ಏನ್ ಮಾಡಾದು?"

ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ. ಊಟಕ್ಕೆ ಮುಂಚೆ, ಕಕ್ಕಸ್ಸಿಗೆ ಹೋಗಿಬಂದ ಮೇಲೆ ಸೋಪು ಹಾಕಿ ಕೈ ತೊಳೆಸಬೇಕು ಅನ್ನುವುದು ನಿಮಗೆಲ್ಲ ಗೊತ್ತು. ಅದನ್ನು ಹೇಳುತ್ತಾ ಹೊತ್ತು ಕಳೆಯುವುದಿಲ್ಲ. ಕೈ ತೊಳೆಸುವ ಮನೆಗಳಲ್ಲೂ ಈ ತೊಂದರೆ ಯಾಕೆ ಹೋಗುವುದಿಲ್ಲ ಅನ್ನುವುದೇ ಇವತ್ತಿನ ಮಾತು.

ಮೊದಲು, ಹಿಂದಕ್ಕೆ ಹೋಗುವ ಕೈ. ಮಗು ಹಗಲೆಲ್ಲ ಆಡಿಕೊಂಡು ಚೆನ್ನಾಗಿಯೇ ಇರುತ್ತದೆ. ರಾತ್ರಿ ಮಲಗಿ ಒಂದೆರಡು ಗಂಟೆ ಆಗುತ್ತಿದ್ದ ಹಾಗೆ ಹೊರಳಾಡುತ್ತದೆ, ಚಡ್ಡಿಯೊಳಗೆ ಕೈ ಹಾಕಿ ಪರಪರ ಕೆರೆದುಕೊಳ್ಳುತ್ತದೆ, ಅಳುತ್ತದೆ. ಬೆಳಿಗ್ಗೆ ಎದ್ದಾಗ ಅದಕ್ಕೆ ಏನೂ ನೆನಪಿರುವುದಿಲ್ಲ. ನೀವು ಕೆಟ್ಟ ಚಾಳಿ ಅಂದುಕೊಂಡು ಕೈ ಮೇಲೆ ಒಂದೇಟು ಹಾಕುತ್ತೀರಿ. ಅದು ಚಾಳಿಯಲ್ಲ, ತಡೆಯಲಾಗದ ನವೆ. ನವೆಗೆ ಕಾರಣ ಒಂದು ಜಾತಿಯ ಜಂತುಹುಳು, ವೈದ್ಯರು ಪಿನ್‌ವರ್ಮ್ ಎಂದು ಕರೆಯುವ ಸಣ್ಣ ಬಿಳಿ ಹುಳು. ಹೆಣ್ಣುಹುಳು ಸುಮಾರು 1 ಸೆಂಟಿಮೀಟರ್ ಉದ್ದ, ನೋಡಲು ಬಿಳಿ ದಾರದ ತುಂಡಿನ ಹಾಗೆ.

ಈ ಹುಳು ಮಾಡುವ ಕೆಲಸವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಹುಳು ಇರುವುದು ದೊಡ್ಡ ಕರುಳಿನಲ್ಲಿ. ಮಗು ನಿದ್ದೆ ಹೋದ ಮೇಲೆ ಹೆಣ್ಣುಹುಳು ಮಲದ್ವಾರದಿಂದ ಹೊರಗೆ ಬಂದು, ಸುತ್ತಲಿನ ಚರ್ಮದ ಮೇಲೆ ಮೊಟ್ಟೆ ಇಡುತ್ತದೆ. ಒಂದೇ ಹುಳು ಸುಮಾರು 10,000 ಮೊಟ್ಟೆಯವರೆಗೂ ಇಡಬಲ್ಲದು. ಅಲ್ಲಿ ನವೆ ಏಳುತ್ತದೆ. ಮಗು ನಿದ್ದೆಗಣ್ಣಿನಲ್ಲೇ ಕೆರೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಮೊಟ್ಟೆಗಳು ಉಗುರು ಸಂದಿಗೆ ಸೇರುತ್ತವೆ. ಇಟ್ಟ 4ರಿಂದ 6 ಗಂಟೆಯೊಳಗೆ ಅವು ಸೋಂಕು ತರುವಷ್ಟು ಬಲಿಯುತ್ತವೆ, ಅಂದರೆ ಬೆಳಕು ಹರಿಯುವ ಹೊತ್ತಿಗೆ ಸಿದ್ಧ. ಮಗು ಎದ್ದು ಬೆರಳು ಚೀಪುತ್ತದೆ, ಉಗುರು ಕಡಿಯುತ್ತದೆ, ಇಲ್ಲವೇ ಮುಖ ತೊಳೆಯುವ ಮುಂಚೆಯೇ ಕೈಗೆ ಒಂದು ಬಿಸ್ಕತ್ತು ಸಿಗುತ್ತದೆ. ಮೊಟ್ಟೆ ಬಾಯಿಗೆ ಹೋಯಿತು. ಕರುಳಿನಲ್ಲಿ ಒಡೆದು ಮರಿಯಾಯಿತು. ಒಂದು, ಒಂದೂವರೆ ತಿಂಗಳಿಗೆ ಅದೇ ಮರಿ ತಾಯಿಯಾಗಿ ಮತ್ತೆ ರಾತ್ರಿ ಹೊರಗೆ ಬರುತ್ತದೆ.

ಇನ್ನೊಂದು ಸಲ ಹೇಳುತ್ತೇನೆ. ರಾತ್ರಿ ಮೊಟ್ಟೆ, ನವೆ, ಉಗುರು, ಬೆಳಿಗ್ಗೆ ಬಾಯಿ, ಮತ್ತೆ ಹೊಟ್ಟೆ. ಈ ಸುತ್ತು ನಡೆಯಲು ಕೊಳಕು ನೀರು ಬೇಡ, ಚರಂಡಿ ಬೇಡ, ಬಯಲು ಕಕ್ಕಸ್ಸೂ ಬೇಡ. ಒಂದು ಮಗು, ಹತ್ತು ಬೆರಳು ಇದ್ದರೆ ಸಾಕು. ಅದಕ್ಕೇ "ನಮ್ಮ ಮನೇಲಿ ಟೈಲ್ಸ್ ಹಾಕಿರೋ ಬಾತ್‌ರೂಮು, ಫಿಲ್ಟರ್ ನೀರು, ನಮ್ಮ ಮಗುವಿಗೆ ಹೇಗೆ ಹುಳ ಬಂತು?" ಎಂದು ಕೇಳುವವರಿಗೆ ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ಈ ಹುಳುವಿನ ಮಟ್ಟಿಗೆ ಮಂಡ್ಯದ ಅಶೋಕನಗರದ ಮಹಡಿ ಮನೆಗೂ ಹಲಗೂರಿನ ಹೆಂಚಿನ ಮನೆಗೂ ವ್ಯತ್ಯಾಸವಿಲ್ಲ. ಅಂಗನವಾಡಿಯಲ್ಲೋ ಎಲ್‌ಕೆಜಿಯಲ್ಲೋ ಒಂದೇ ಬಣ್ಣದ ಪೆನ್ಸಿಲನ್ನು ನಾಲ್ಕು ಮಕ್ಕಳು ಕಚ್ಚಿದರೆ ಸಾಕು. ಒಂದೇ ಚಾಪೆ, ಒಂದೇ ಕಂಬಳಿಯಲ್ಲಿ ಅಣ್ಣ ತಂಗಿ ಮಲಗಿದರೆ ಸಾಕು. ಹಾಸಿಗೆ ಬಟ್ಟೆಯ ಮೇಲೆ ಮೊಟ್ಟೆ ಎರಡು ಮೂರು ವಾರ ಬದುಕಿರಬಲ್ಲದು.

ಈಗ ನನಗೆ ತಾಳ್ಮೆ ತಪ್ಪಿಸುವ ಒಂದು ನಂಬಿಕೆಯ ಬಗ್ಗೆ ಹೇಳಲೇಬೇಕು. "ಬೆಲ್ಲ ಜಾಸ್ತಿ ತಿಂತದೆ, ಅದ್ಕೇಯ ಹುಳ ಆಗದೆ." ಕಬ್ಬು ಬೆಳೆಯುವ ನಾಡು ನಮ್ಮದು, ಆಲೆಮನೆ ನಮ್ಮ ಕಣ್ಣೆದುರಿಗೇ ಇದೆ. ಬಿಸಿ ಬೆಲ್ಲ ಮುಟ್ಟಿದ ಮಗುವಿಗೆ ಅಜ್ಜಿ ಗದರಿಸುತ್ತಾರೆ, ಬೆಲ್ಲದ ಡಬ್ಬ ಅಟ್ಟಕ್ಕೆ ಹೋಗುತ್ತದೆ. ಹುಳ ಆದ ಮಗುವಿಗೆ ತಿಂಗಳುಗಟ್ಟಲೆ ಸಿಹಿ ನಿಲ್ಲಿಸಿ, ಅದರ ಜೊತೆಗೆ ಬಾಳೆಹಣ್ಣನ್ನೂ ನಿಲ್ಲಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಅಷ್ಟಾದರೂ ನವೆ ಹಾಗೇ ಇರುತ್ತದೆ. ಹೇಗೆ ಹೋಗುತ್ತದೆ? ಹುಳು ಮೊಟ್ಟೆಯಿಂದ ಹುಟ್ಟುತ್ತದೆ, ಬೆಲ್ಲದಿಂದ ಹುಟ್ಟುವುದಿಲ್ಲ. ಸಿಹಿ ಹೆಚ್ಚಾದರೆ ಹಲ್ಲು ಹುಳುಕಾಗುತ್ತದೆ, ಅದಕ್ಕೆ ಕಡಿಮೆ ಮಾಡಿ, ಒಳ್ಳೆಯದು. ಆದರೆ ಬೆಲ್ಲದ ಡಬ್ಬ ಮುಚ್ಚಿಟ್ಟು ಉಗುರು ಕತ್ತರಿಸದೆ ಬಿಟ್ಟರೆ ಏನು ಪ್ರಯೋಜನ?

ಹಾಗೆಯೇ ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳ, ಕೆನ್ನೆ ಮೇಲೆ ತೆಳು ಬಿಳಿ ಮಚ್ಚೆ ಬಂದರೆ ಹುಳ ಅನ್ನುತ್ತಾರೆ. ಹಲ್ಲು ಕಡಿಯುವ ಎಷ್ಟೋ ಮಕ್ಕಳ ಹೊಟ್ಟೆಯಲ್ಲಿ ಒಂದು ಹುಳುವೂ ಇರುವುದಿಲ್ಲ. ಕೆನ್ನೆಯ ಮಚ್ಚೆ ಸಾಮಾನ್ಯವಾಗಿ ಒಣ ಚರ್ಮದಿಂದ ಬರುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ, ಬಿಸಿಲಿಗೆ ಹೆಚ್ಚು ಬಿಡಬೇಡಿ, ನಿಧಾನವಾಗಿ ಹೋಗುತ್ತದೆ. ಹುಳು ಇದೆಯೋ ಇಲ್ಲವೋ ನೋಡುವ ದಾರಿ ಸುಲಭ. ಮಗು ಮಲಗಿ ಎರಡು ಮೂರು ಗಂಟೆ ಆದ ಮೇಲೆ ಟಾರ್ಚ್ ಬಿಟ್ಟು ಮಲದ್ವಾರದ ಸುತ್ತ ನೋಡಿ, ಬಿಳಿ ಹುಳು ಆಡುವುದು ಕಾಣಬಹುದು. ಕಾಣದಿದ್ದರೂ ಅನುಮಾನ ಇದ್ದರೆ, ಬೆಳಿಗ್ಗೆ ಎದ್ದ ಕೂಡಲೇ, ತೊಳೆಸುವ ಮುಂಚೆ, ಅಂಟು ಟೇಪನ್ನು ಆ ಜಾಗಕ್ಕೆ ಒತ್ತಿ ತೆಗೆದು ಪ್ರಯೋಗಾಲಯಕ್ಕೆ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ನೋಡಿ ಹೇಳುತ್ತಾರೆ. ಮಲಪರೀಕ್ಷೆಯಲ್ಲಿ ಇದು ಬಹಳ ಸಲ ತಪ್ಪಿಹೋಗುತ್ತದೆ, ಯಾಕೆಂದರೆ ಮೊಟ್ಟೆ ಇರುವುದು ಚರ್ಮದ ಮೇಲೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಹುಳು ಕೆಲವೊಮ್ಮೆ ಮುಂದಕ್ಕೆ ಸರಿದು ಮೂತ್ರದ ಜಾಗದಲ್ಲಿ ನವೆ, ಉರಿ ತರುತ್ತದೆ. ಮಗು ಅಲ್ಲಿ ಕೈ ಇಟ್ಟರೆ ಗದರಿಸಿ ಹೆದರಿಸಬೇಡಿ, ಮೊದಲು ವೈದ್ಯರಿಗೆ ತೋರಿಸಿ.

ಸರಿ, ಪರಿಹಾರ. ಸರ್ಕಾರದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಶುರುವಾಯಿತು. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಆಲ್‌ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ದೊಡ್ಡ ಮಕ್ಕಳಿಗೆ 400 ಮಿಲಿಗ್ರಾಂ, 2 ವರ್ಷದೊಳಗಿನವರಿಗೆ ಅದರ ಅರ್ಧ. ಆ ಮಾತ್ರೆಯನ್ನು ತಪ್ಪಿಸಬೇಡಿ. ಅದು ಮುಖ್ಯವಾಗಿ ಮಣ್ಣಿನಿಂದ ಬರುವ ಹುಳುಗಳಿಗೆ, ಅಂದರೆ ದುಂಡುಹುಳು, ಕೊಕ್ಕೆಹುಳುವಿನಂಥವಕ್ಕೆ.

ಆದರೆ ಮನೆಯಲ್ಲಿ ಸುತ್ತು ಹೊಡೆಯುವ ಈ ಬಿಳಿ ಹುಳುವಿಗೆ ಅದೊಂದೇ ಸಾಲದು. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ಎರಡು ವಾರ ಬಿಟ್ಟು ಎರಡನೇ ಸಲ ಕೊಡಬೇಕು. ಮನೆಯವರೆಲ್ಲರೂ, ಅಜ್ಜಿ ತಾತನೂ ಸೇರಿ, ಒಂದೇ ದಿನ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಇವರಿಂದ ಅವರಿಗೆ, ಅವರಿಂದ ಇವರಿಗೆ ಹೋಗುತ್ತಲೇ ಇರುತ್ತದೆ. ಗರ್ಭಿಣಿಯರು ಮತ್ತು ವರ್ಷ ತುಂಬದ ಕೂಸುಗಳ ವಿಚಾರದಲ್ಲಿ ಮಾತ್ರ ವೈದ್ಯರನ್ನು ಕೇಳದೆ ಏನೂ ಕೊಡಬೇಡಿ.

ಮಾತ್ರೆಗಿಂತ ದೊಡ್ಡದು ಬೆಳಗಿನ ಅರ್ಧ ಗಂಟೆ. ಮಗುವಿಗೆ ರಾತ್ರಿ ಮೈಗೆ ಹತ್ತಿರವಿರುವ ಚಡ್ಡಿ ಹಾಕಿ ಮಲಗಿಸಿ, ಬೆರಳು ನೇರವಾಗಿ ಆ ಜಾಗಕ್ಕೆ ಹೋಗದಿರಲಿ. ಎದ್ದ ಕೂಡಲೇ, ಬಾಯಿಗೆ ಏನೂ ಕೊಡುವ ಮುಂಚೆ, ಹಿಂಭಾಗವನ್ನು ತೊಳೆದು ಕೈಗೆ ಸೋಪು ಹಾಕಿಸಿ. ಸ್ನಾನ ಸಂಜೆಗೆ ಬದಲು ಬೆಳಿಗ್ಗೆ ಆಗಲಿ. ಹಾಸಿಗೆ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಮೊಟ್ಟೆ ಗಾಳಿಗೆ ಹಾರಿ ಎಲ್ಲೆಡೆ ಬೀಳುತ್ತದೆ. ಮಡಚಿ ತೆಗೆದುಕೊಂಡು ಹೋಗಿ ಬಿಸಿನೀರಿಗೆ ಹಾಕಿ, ನಮ್ಮ ಕಡೆಯ ಬಿಸಿಲಿಗೆ ಹರಡಿ. ವಾರಕ್ಕೊಮ್ಮೆ ಮಕ್ಕಳ ಉಗುರು ಕತ್ತರಿಸಿ. ಶನಿವಾರ ಕತ್ತರಿಸಬಾರದು, ಮಂಗಳವಾರ ಕತ್ತರಿಸಬಾರದು, ಸಂಜೆ ಕತ್ತರಿಸಬಾರದು ಎಂದು ದಿನ ಎಣಿಸುತ್ತಾ ಕೂತರೆ ಉಗುರು ಮಾತ್ರ ಬೆಳೆಯುತ್ತಲೇ ಇರುತ್ತದೆ. ನಿಮಗೆ ಒಪ್ಪುವ ಒಂದು ದಿನ ಗೊತ್ತು ಮಾಡಿಕೊಳ್ಳಿ, ಆದರೆ ಆ ದಿನ ತಪ್ಪಿಸಬೇಡಿ.

ಹುಳುವಿನ ಮಾತೇ ಇಷ್ಟು ಹೊತ್ತು ಹಿಡಿಯಿತು. ಉಳಿದವನ್ನು ಬೇಗ ಬೇಗ ಹೇಳುತ್ತೇನೆ.

ಬೆರಳು ಚೀಪುವುದು. ನಾಲ್ಕು ವರ್ಷದವರೆಗೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೆಚ್ಚಿನ ಮಕ್ಕಳು ತಾವೇ ಬಿಡುತ್ತಾರೆ. ಬೆರಳಿಗೆ ಬೇವಿನೆಣ್ಣೆ ಹಚ್ಚುವುದು, ಮೆಣಸಿನಪುಡಿ ಸವರುವುದು ಬೇಡ. ಮೆಣಸಿನ ಬೆರಳಿನಿಂದ ಕಣ್ಣು ಉಜ್ಜಿಕೊಂಡು ಚೀರುತ್ತಾ ಬಂದ ಮಕ್ಕಳಿಗೆ ನಾನು ಕಣ್ಣು ತೊಳೆದಿದ್ದೇನೆ. ಆ ನೋವು ಯಾವ ಮಗುವಿಗೂ ಬೇಡ. ನಿದ್ದೆ ಬಂದಾಗ, ಬೇಜಾರಾದಾಗ, ಹೆದರಿದಾಗ ಮಗು ಬೆರಳು ಹುಡುಕುತ್ತದೆ. ಆ ಹೊತ್ತಿಗೆ ಕೈಗೆ ಬೇರೇನಾದರೂ ಕೊಡಿ, ಬೆನ್ನು ಸವರಿ. ಆರು ವರ್ಷದ ಹೊತ್ತಿಗೆ ಶಾಶ್ವತ ಹಲ್ಲು ಬರುತ್ತದೆ, ಅಷ್ಟರೊಳಗೆ ಬಿಡಿಸಿದರೆ ಸಾಕು. ಚೀಪದೆ ಮಲಗಿದ ರಾತ್ರಿ ಬೆಳಿಗ್ಗೆ ಹೊಗಳಿ, ಚೀಪಿದ ರಾತ್ರಿ ಏನೂ ಹೇಳಬೇಡಿ.

ಮೂಗು. ಒಳಗೆ ಒಣಗಿ ಹಕ್ಕಳೆ ಕಟ್ಟಿದಾಗ ಯಾರಾದರೂ ಕೈ ಹಾಕುತ್ತಾರೆ. ಉಪ್ಪುನೀರಿನ ಮೂಗಿನ ಹನಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಎರಡು ಹನಿ ಹಾಕಿ ಮೆತ್ತಗಾದ ಮೇಲೆ ಒರೆಸಿ. ಮೂರು ವರ್ಷದ ಮಗುವಿಗೆ ಒಂದು ಹೊಳ್ಳೆ ಒತ್ತಿ ಇನ್ನೊಂದರಿಂದ ಸೀನಲು ಕಲಿಸಬಹುದು. ಅಂಗಿಗೆ ಒಂದು ಚೌಕದ ಬಟ್ಟೆ ಪಿನ್ನು ಮಾಡುವ ಹಳೆಯ ಪದ್ಧತಿ ಬಹಳ ಒಳ್ಳೆಯದು. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸುರಿತ ಇದ್ದರೆ ಮಗು ಒಳಗೆ ಅವರೆಕಾಳೋ ಹುಣಸೆಬೀಜವೋ ತುರುಕಿಕೊಂಡಿರಬಹುದು. ನೀವೇ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಅದು ಇನ್ನೂ ಒಳಕ್ಕೆ ಸರಿಯುತ್ತದೆ.

ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವುದು. ಒಂದು ವರ್ಷದ ಕೂಸು ಎಲ್ಲವನ್ನೂ ಬಾಯಿಗಿಟ್ಟು ನೋಡುತ್ತದೆ, ಅದು ಸಹಜ. ಎರಡು ವರ್ಷ ದಾಟಿದ ಮೇಲೂ ತಿಂಗಳುಗಟ್ಟಲೆ ಹುಡುಕಿಕೊಂಡು ಹೋಗಿ ತಿಂದರೆ, ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾಗಿರಬಹುದು. ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ, ಎಲ್ಲಿ ಹತ್ತಿರವೋ ಅಲ್ಲಿ ರಕ್ತಪರೀಕ್ಷೆ ಮಾಡಿಸಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ ಅನ್ನು ವಾರಕ್ಕೆರಡು ಸಲ ತಪ್ಪದೆ ಹಾಕಿ. ಮಲ ಕಪ್ಪಗಾಯಿತೆಂದು ನಿಲ್ಲಿಸಬೇಡಿ, ಅದು ಔಷಧಿಯ ಬಣ್ಣ. ಸೊಪ್ಪು, ಹುರುಳಿಕಾಳು, ತಿನ್ನುವ ಮನೆಗಳಲ್ಲಿ ಈಲಿ, ಮೊಟ್ಟೆ ಕೊಡಿ. ಊಟದ ಜೊತೆ ಟೀ ಕೊಡಬೇಡಿ, ತಿಂದ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಅದು ಅಡ್ಡ.

ಚಡ್ಡಿಗೆ ದಿನವೂ ಸ್ವಲ್ಪ ಸ್ವಲ್ಪ ಕಕ್ಕ ಅಂಟಿಸಿಕೊಳ್ಳುವ ನಾಲ್ಕೈದು ವರ್ಷದ ಮಗು ಸೋಮಾರಿ ಅಲ್ಲ, ಅದಕ್ಕೆ ಭೇದಿಯೂ ಅಲ್ಲ. ಹೆಚ್ಚಾಗಿ ಅದು ಮಲಬದ್ಧತೆ. ಗಟ್ಟಿಯಾದದ್ದು ಒಳಗೇ ನಿಂತು, ತೆಳ್ಳಗಿನದು ಪಕ್ಕದಿಂದ ಜಾರುತ್ತದೆ, ಮಗುವಿಗೆ ತಿಳಿಯುವುದೇ ಇಲ್ಲ. ಅದಕ್ಕೆ ಹೊಡೆತ ಬೇಡ, ಚಿಕಿತ್ಸೆ ಬೇಕು.

ಉಗುಳುವುದು. ಎಲೆಅಡಿಕೆ ಹಾಕಿಕೊಂಡು ಜಗಲಿಯಿಂದ ಅಂಗಳಕ್ಕೆ ಉಗಿಯುವ ದೊಡ್ಡವರು ಮನೆಯಲ್ಲಿರುವಾಗ ಮಗುವಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ. ಮೊದಲು ದೊಡ್ಡವರು ಬಿಡಲಿ.

ಎಲ್ಲಕ್ಕೂ ಸೇರಿ ಒಂದೇ ಮಾತು. ನೆಂಟರ ಮುಂದೆ ಮಗುವನ್ನು ಗಲೀಜು ಎಂದು ಕರೆಯಬೇಡಿ. ಅವಮಾನವಾದ ಮಗು ಅಭ್ಯಾಸ ಬಿಡುವುದಿಲ್ಲ, ಬಾಗಿಲ ಹಿಂದೆ ಹೋಗಿ ಮಾಡುತ್ತದೆ. ನವೆ ಇದ್ದರೂ ನಿಮಗೆ ಹೇಳುವುದಿಲ್ಲ. ಹೇಳದೆ ಇದ್ದರೆ ಹುಳು ಒಳಗೇ ಉಳಿಯುತ್ತದೆ, ಮನೆಯವರಿಗೆಲ್ಲ ಹರಡುತ್ತದೆ. ಮಗು ಧೈರ್ಯವಾಗಿ ಬಂದು "ಅಮ್ಮ, ಅಲ್ಲಿ ಕೆರೀತದೆ" ಎನ್ನುವಂತಿದ್ದರೆ ಅರ್ಧ ಚಿಕಿತ್ಸೆ ಆದ ಹಾಗೆ.

ಮೊದಲ ಮಾತ್ರೆ ಕೊಟ್ಟ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನ ಎಣಿಸಿ ಎರಡನೇ ಮಾತ್ರೆಗೆ ಗುರುತು ಹಾಕಿ. ನವೆ ನಿಂತಿತು ಎಂದು ಆ ಎರಡನೆಯದನ್ನು ಬಿಟ್ಟ ಮನೆಗಳೇ ಮತ್ತೆ ಅದೇ ಪ್ರಶ್ನೆ ಹೊತ್ತು ಬರುತ್ತವೆ. ನೀವು ಬಿಡಬೇಡಿ.