ಒಂದು ಜೊತೆ ಬಟ್ಟೆಯ ವ್ಯಾಕರಣ



ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ಊರುಗಳ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ನನ್ನ ವೃತ್ತಿಜೀವನ ಸಂದಿತು. ಅಷ್ಟು ವರ್ಷಗಳಲ್ಲಿ ಕೆಂಪು ಮಸಿಯಿಂದ ನಾನು ತಿದ್ದಿದ ತಪ್ಪುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ತಿದ್ದುಪಡಿ ಮಾತ್ರ ಇಂದಿಗೂ ನೆನಪಿನಿಂದ ಅಳಿಸಿಲ್ಲ.

ದೇವದುರ್ಗದ ಕಡೆಯ ಹಳ್ಳಿಯ ಹುಡುಗನೊಬ್ಬ ತನ್ನ ಬಗ್ಗೆ ಐದು ವಾಕ್ಯಗಳನ್ನು ಬರೆದು ತಂದಿದ್ದ. ಅವುಗಳಲ್ಲಿ ಒಂದು: 'ಐ ಹ್ಯಾವ್ ಓನ್ಲಿ ಒನ್ ಪ್ಯಾಂಟ್.' ನಾನು 'ಒನ್ ಪ್ಯಾಂಟ್' ಎಂಬುದನ್ನು ಹೊಡೆದು, ಮೇಲೆ 'ಒನ್ ಪೇರ್ ಆಫ್ ಟ್ರೌಸರ್ಸ್' ಎಂದು ಬರೆದೆ. 'ಪೇರ್' ಎಂದರೆ ಜೋಡಿ ಎಂದು ಹಿಂದಿನ ವಾರವಷ್ಟೇ ಹೇಳಿಕೊಟ್ಟಿದ್ದವನೂ ನಾನೇ. ಹುಡುಗ ನೋಟುಪುಸ್ತಕ ಹಿಡಿದು ಮೇಜಿನ ಬಳಿಗೆ ಬಂದು, 'ಜೋಡಿ ಇಲ್ರಿ ಸರ್, ಒಂದೇ ಐತ್ರಿ' ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಅವನು ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋಗಿ ಕುಳಿತ.

ಆ ನಗೆಗೆ ಕಾರಣವಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ತಪ್ಪು ಹುಡುಗನ ಬುದ್ಧಿಯಲ್ಲಿರಲಿಲ್ಲ. ಎರಡು ಭಾಷೆಗಳು ಎಣಿಸುವ ರೀತಿಯಲ್ಲಿತ್ತು. ನಮ್ಮಲ್ಲಿ ಒಂದು ಜೊತೆ ಬಟ್ಟೆಯೆಂದರೆ ಮೇಲಿನದೊಂದು, ಕೆಳಗಿನದೊಂದು. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಎರಡು ಜೊತೆ ಸಮವಸ್ತ್ರ ಎಂದಾಗ ಎರಡು ಅಂಗಿ, ಎರಡು ಚಡ್ಡಿ ಎಂದೇ ತಾಯಂದಿರು ತಿಳಿಯುತ್ತಾರೆ. ಇದನ್ನೇ 'ಟೂ ಪೇರ್ಸ್ ಆಫ್ ಯೂನಿಫಾರಂ' ಎಂದರೆ ಇಂಗ್ಲಿಷ್ ಒಪ್ಪದು. ಅಲ್ಲಿ 'ಟೂ ಸೆಟ್ಸ್' ಎನ್ನಬೇಕು. ನಮ್ಮ ಜೊತೆ ಉಡುಪುಗಳನ್ನು ಎಣಿಸುತ್ತದೆ. ಅವರ 'ಪೇರ್' ಒಂದೇ ಉಡುಪಿನ ಎರಡು ಕಾಲುಗಳನ್ನು ಎಣಿಸುತ್ತದೆ.

ಹಿಂದೆ ಯೂರೋಪಿನ ಗಂಡಸರು ತೊಡುತ್ತಿದ್ದ 'ಹೋಸ್' ಎಂಬ ಕಾಲುಡುಪು ಒಂದೊಂದು ಕಾಲಿಗೆ ಒಂದೊಂದರಂತೆ ಬೇರೆಬೇರೆಯಾಗಿತ್ತು. ಅವುಗಳನ್ನು ಸೇರಿಸಿ ಹೊಲಿಯುವ ಪದ್ಧತಿ ಅನಂತರದ್ದು. ಬಹುವಚನಕ್ಕೆ ಇದೇ ಕಾರಣವೆಂದು ಹಲವರು ಹೇಳುವುದುಂಟು. ಆದರೆ ಕತ್ತರಿ, ಕನ್ನಡಕ, ಇಕ್ಕಳಗಳಿಗೂ ಇಂಗ್ಲಿಷಿನಲ್ಲಿ ಬಹುವಚನವೇ. ಎರಡು ಸಮಭಾಗಗಳು ಕೂಡಿ ಒಂದಾದ ವಸ್ತುವನ್ನು ಆ ಭಾಷೆ ಎರಡಾಗಿಯೇ ಕಾಣುತ್ತದೆ ಎಂದುಕೊಳ್ಳುವುದು ಮೇಲು. ಆದ್ದರಿಂದ 'ಟ್ರೌಸರ್ಸ್' ಮುಂದೆ ನೇರವಾಗಿ 'ಎ' ನಿಲ್ಲದು. ನಡುವೆ 'ಪೇರ್' ಬಂದರೆ ಮಾತ್ರ ಅದಕ್ಕೆ ಸ್ಥಾನ. 'ದಿ', 'ದೀಸ್', 'ಸಮ್' ಮಾತ್ರ ತಡೆಯಿಲ್ಲದೆ ಬರುತ್ತವೆ. ಆದರೆ 'ಸಮ್ ಟ್ರೌಸರ್ಸ್' ಎಂದಾಗ ಒಂದೋ ಹಲವೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಹರಿದದ್ದು ಒಂದೇ ಆದರೂ 'ಮೈ ಟ್ರೌಸರ್ಸ್ ಆರ್ ಟೋರ್ನ್' ಎನ್ನಬೇಕು.

ಇನ್ನು ನಮ್ಮ 'ಬಟ್ಟೆ', 'ಅರಿವೆ'. ಅಂಗಡಿಯ ಥಾನೂ ಬಟ್ಟೆ, ಹೊಲಿದ ಅಂಗಿಯೂ ಬಟ್ಟೆ. ಇಂಗ್ಲಿಷಿನಲ್ಲಿ ನೇಯ್ದದ್ದು 'ಕ್ಲಾತ್', ತೊಟ್ಟದ್ದು 'ಕ್ಲೋದ್ಸ್'. 'ಅಪ್ಪ ಹಬ್ಬಕ್ಕೆ ಎ ಕ್ಲಾತ್ ತಂದ' ಎಂದು ಮಗು ಬರೆದರೆ, ಓದುವವನ ಕಣ್ಣಿಗೆ ಕಾಣುವುದು ಮೇಜು ಒರೆಸುವ ಅರಿವೆ. 'ಕ್ಲೋದ್ಸ್' ಎಂಬುದಕ್ಕೆ ಏಕವಚನವೇ ಇಲ್ಲ. 'ಸಮ್', 'ಮೆನಿ', 'ಎ ಫ್ಯೂ' ಅದರೊಡನೆ ಹೊಂದುತ್ತವೆ. 'ತ್ರೀ ಕ್ಲೋದ್ಸ್' ಹೊಂದದು. 'ಕ್ಲೋದಿಂಗ್' ಎಂದರೆ ಎಣಿಕೆಯೇ ಇಲ್ಲ. ಅದಕ್ಕೆ 'ಮಚ್', ಇಲ್ಲವೇ 'ಎ ಪೀಸ್ ಆಫ್'.

ಇದನ್ನೆಲ್ಲ ಕೇಳಿ ನಮ್ಮ ಎಣಿಕೆ ಒರಟು, ಅವರದು ನಯ ಎಂದು ಯಾರೂ ಭಾವಿಸಬಾರದು. ನಮ್ಮ ಊರಿನ ಪಾಯಿಜಾಮವನ್ನೇ ನೋಡಿ. ಪಾರಸಿಯ 'ಪಾಯ್' ಎಂದರೆ ಕಾಲು, 'ಜಾಮ' ಎಂದರೆ ಉಡುಪು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ, ಉರ್ದು ಬಲ್ಲ ರಾಯಚೂರಿನಲ್ಲಿ ಒಂದು ಪಾಯಿಜಾಮ ಒಂದೇ. ಅದೇ ಶಬ್ದ ಭಾರತದಿಂದ ಇಂಗ್ಲಿಷರೊಡನೆ ಹಡಗು ಹತ್ತಿ ಹೋದಾಗ 'ಪೈಜಾಮಾಸ್' ಆಯಿತು. ಒಂದಿದ್ದದ್ದಕ್ಕೆ ಅಲ್ಲಿ ಬಹುವಚನ ಬಂದಿತು. ಇಂದು ಆ ದೇಶಗಳ ಸಿದ್ಧ ಉಡುಪಿನ ವ್ಯಾಪಾರಿಗಳೇ 'ಎ ಪ್ಯಾಂಟ್' ಎಂದು ಏಕವಚನದಲ್ಲಿ ಬರೆಯುವುದುಂಟು. ನಮ್ಮಲ್ಲಿಯೂ ಪಾದರಕ್ಷೆಗೆ 'ಜೋಡು' ಎಂಬ ಹೆಸರಿದೆಯಲ್ಲವೇ? ಎಣಿಕೆ ಎಂಬುದು ಆಯಾ ಭಾಷೆಯ ರೂಢಿ, ಬುದ್ಧಿಯ ಅಳತೆಗೋಲಲ್ಲ.

ಹಾಗೆಂದು ರೂಢಿಯನ್ನು ಕಲಿಸದೆ ಬಿಡುವಂತಿಲ್ಲ. ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ ಈ ಸಣ್ಣ 'ಎ' ನಮ್ಮ ಭಾಗದ ಮಕ್ಕಳನ್ನು ಅಳೆಯುತ್ತದೆ. ಅವರು ಅದನ್ನು ತಿಳಿದಿರಲೇಬೇಕು. ಆದರೆ ಕನ್ನಡದ ಜೊತೆಯನ್ನು ಮೊದಲು ಎದುರಿಗಿಟ್ಟು, ಅದರ ಪಕ್ಕದಲ್ಲಿ 'ಪೇರ್' ಇಟ್ಟು ತೋರಿಸಿದರೆ ಮಗು ನಾಚದೆ ಕಲಿಯುತ್ತದೆ.

ಆ ನೋಟುಪುಸ್ತಕ ಮತ್ತೊಮ್ಮೆ ನನ್ನ ಕೈಗೆ ಬಂದರೆ, ತಿದ್ದುವುದನ್ನು ಖಂಡಿತ ತಿದ್ದುತ್ತೇನೆ. ಅದಕ್ಕೂ ಮೊದಲು ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳುತ್ತೇನೆ: 'ಒಂದೇ ಐತೇನಪ್ಪಾ? ಒಗೆದ ದಿನ ಏನು ಹಾಕ್ಕೋತಿ?' ಅವನ ವಾಕ್ಯದಲ್ಲಿ 'ಓನ್ಲಿ' ಎಂಬ ಪದವೂ ಇತ್ತು. ವ್ಯಾಕರಣದಲ್ಲಿ ಅದು ಸರಿಯಾಗಿಯೇ ಇದ್ದುದರಿಂದ ನನ್ನ ಕೆಂಪು ಮಸಿ ಅದನ್ನು ಗಮನಿಸದೆ ಮುಂದೆ ಹೋಗಿತ್ತು.